ಒಲೆಯ ಹಿಂದಿನ ತೂತು

ನಮ್ಮ ಕಣಿವೆಯ ಜನ ಯಾವುದಕ್ಕೂ ಅಷ್ಟು ಸುಲಭವಾಗಿ ಹೆದರುವವರಲ್ಲ. ಹಿಮ ಜಾರಿ ಬಂದು ದಾರಿ ಮುಚ್ಚಿದರೆ ಮರುದಿನ ಸಲಿಕೆ ಹಿಡಿದು ಹೊರಗೆ ಬರುತ್ತಾರೆ. ಭೂಮಿ ನಡುಗಿ ಅರ್ಧ ಊರು ಬಿದ್ದಾಗಲೂ ಅದೇ ಕಲ್ಲುಗಳನ್ನು ಎತ್ತಿ ಅದೇ ಜಾಗದಲ್ಲಿ ಗೋಡೆ ಕಟ್ಟಿದವರು. ಆದರೆ ಬಾಗಿಲ ಸಂದಿಯಿಂದ ಒಂದೆಳೆ ತಣ್ಣನೆ ಗಾಳಿ ಬಂದು ಕತ್ತಿಗೆ ತಾಗಿತೋ, ಗಂಡಸು ಹೆಂಗಸೆನ್ನದೆ ಎಲ್ಲರ ಮುಖ ಬಿಳಿಚಿಕೊಳ್ಳುತ್ತದೆ. 'ಗಾಳಿ ಹೊಡೀತು' ಎನ್ನುತ್ತಾರೆ. ಕತ್ತು ಹಿಡಿದುಕೊಂಡರೆ ಗಾಳಿ ಹೊಡೆದದ್ದು, ಹೊಟ್ಟೆ ಕೆಟ್ಟರೆ ಗಾಳಿ ಹೊಡೆದದ್ದು, ಮಗು ಹಟ ಹಿಡಿದು ಅತ್ತರೂ ಗಾಳಿ ಹೊಡೆದದ್ದು. ಹಾಗೆಲ್ಲ ಇಲ್ಲ ಎಂದು ಬುದ್ಧಿ ಹೇಳುವ ನಮ್ಮ ಡಾಕ್ಟರೂ ಕೊರಳಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡೇ ಬುದ್ಧಿ ಹೇಳುತ್ತಾನೆ.

ಈ ವಿಷಯದಲ್ಲಿ ಎಲ್ದಾಳನ್ನು ಮೀರಿಸುವವರು ಆಸ್ಟ್ರಿಯಾದ ಗಡಿಗೆ ತಾಗಿದ ನಮ್ಮ ಕಾರ್ನಿಯಾ ಬೆಟ್ಟಸೀಮೆಯ ಈ ಮೇಲಿನ ಊರುಗಳಲ್ಲೇ ಇರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಅವಳು ಎರಡು ಜಡೆ ಹಾಕಿಕೊಳ್ಳುತ್ತಿದ್ದ ವಯಸ್ಸಿನಲ್ಲಿ ಅವಳ ಅಣ್ಣ ರೀನೊ ಹುಲ್ಲು ಕೊಯ್ದು ಬೆವರಿಳಿಸಿಕೊಂಡು ಬಂದು, ಎರಡು ಬಾಗಿಲುಗಳ ನಡುವೆ ಅಂಗಿ ಬಿಚ್ಚಿ ಕೂತ. ಆ ವಾರವೇ ಜ್ವರ ಎದೆಗಿಳಿದು ತೀರಿಕೊಂಡ. ಅವರಮ್ಮ ಅಳಲಿಲ್ಲ. ಎದ್ದು ಹೋಗಿ ಹಿಂದಿನ ಬಾಗಿಲು ಹಾಕಿ ಅಗುಳಿ ಜಡಿದು ಬಂದಳು. 'ಗಾಳಿ ತಿಂದ್ಹಾಕ್ತು ನನ್ ಮಗನ್ನ' ಎಂದಳು. ಎಲ್ದಾ ಅಂದಿನಿಂದ ಗಾಳಿಯ ಮೇಲೆ ಹಗೆ ಸಾಧಿಸತೊಡಗಿದಳು.

ಅವಳ ಕಸುಬೂ ಆ ಹಗೆಗೆ ಒದಗಿ ಬಂತು. ನಮ್ಮಲ್ಲಿ ಮಕಮಲ್ಲಿನ ಚಪ್ಪಲಿ ಹೊಲಿಯುತ್ತಾರೆ. ಹಳೆಯ ಕೋಟು, ಪ್ಯಾಂಟು, ಹೊದಿಕೆಗಳ ಚಿಂದಿಯನ್ನು ಪದರ ಪದರವಾಗಿ ಒತ್ತಿ, ದಪ್ಪ ದಾರದಲ್ಲಿ ಬಿಗಿದು ಅಟ್ಟೆ ಮಾಡಿ, ಮೇಲೆ ಕಪ್ಪು ಮಕಮಲ್ಲು, ಅದರ ಮೇಲೆ ರೇಷ್ಮೆ ಹೂವು. ಎಲ್ದಾಳ ಅಟ್ಟೆ ಹಾಕಿಕೊಂಡು ಹಿಮದ ಮೇಲೆ ನಡೆದರೂ ತೇವ ಒಳಗೆ ಬರುತ್ತಿರಲಿಲ್ಲ. ಉಳಿದ ಚಿಂದಿಯಲ್ಲಿ ಅವಳು ಮರಳು ತುಂಬಿದ ಉದ್ದನೆಯ ಬಟ್ಟೆಯ ಹಾವುಗಳನ್ನು ಹೊಲಿದು, ಬಾಗಿಲ ಅಡಿಯ ಸಂದಿಗೆ ಇಡಲು ಊರಿನ ಮದುವಣಗಿತ್ತಿಯರಿಗೆಲ್ಲ ಕೊಡುತ್ತಿದ್ದಳು. ಅವಳ ಹಾವಿಲ್ಲದ ಮನೆ ನಮ್ಮೂರಲ್ಲಿ ಪಾದ್ರಿಯದ್ದೊಂದೇ. ಅವನೂ ಒಂದನ್ನು ಕೇಳಿ ಇಸಿದುಕೊಂಡ ಎಂದು ಆಮೇಲೆ ಗೊತ್ತಾಯಿತು.

ಗಂಡ ಆಲ್ಚೆಯೊ ಕಾಡಿನಲ್ಲಿ ಮರ ಕಡಿಯುವವನು. ಮಾತು ಕಡಿಮೆ, ಕುಚೋದ್ಯ ಜಾಸ್ತಿ. ಮಕ್ಕಳಾಗಲಿಲ್ಲ. ಎಲ್ದಾಳ ತಂಗಿ ತೀರಿಕೊಂಡಾಗ ಅವಳ ಪುಟ್ಟ ಮಗಳು ಲುಚಿನಾ ಇವರ ಮನೆಗೆ ಬಂದಳು. ಎಲ್ದಾ ಅವಳನ್ನು ಹತ್ತಿಯಲ್ಲಿಟ್ಟು ಸಾಕಿದಳು ಎನ್ನುವುದು ಬರೀ ಮಾತಲ್ಲ. ಆ ಹುಡುಗಿ ಜೂನ್ ತಿಂಗಳಲ್ಲೂ ಉಣ್ಣೆಯ ಒಳಅಂಗಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ದೊಡ್ಡವಳಾದ ಮೇಲೆ ಅವಳು ಮದುವೆಯಾದದ್ದು ಎರ್ಮೆಸ್‌ನ ಮಗನನ್ನು.

ಎರ್ಮೆಸ್ ಎಂದರೆ ನಮ್ಮೂರಿನ ಒಲೆಗಳ ಯಜಮಾನ. ಒಲೆ ಕೂರಿಸುವವನೂ ಅವನೇ, ಹೊಗೆ ಕೊಳವೆ ಗುಡಿಸುವವನೂ ಅವನೇ. ಆಲ್ಚೆಯೊನ ಜತೆ ಶಾಲೆ ತಪ್ಪಿಸಿದ್ದವನು, ಮುದುಕನಾದ ಮೇಲೂ ಭಾನುವಾರ ಬಾರಿನಲ್ಲಿ ಅವನ ಜತೆಯಾಗಿ ಇಸ್ಪೀಟು ಆಡುತ್ತಿದ್ದವನು. ಕೈ ಚಿನ್ನದಂಥದು, ಬಾಯಿ ಮಾತ್ರ ಕೆಂಡ. ಬೂದಿಯನ್ನು ರಟ್ಟಿನ ಡಬ್ಬಿಗೆ ಸುರಿದವಳಿಗೆ, ಒಲೆಯ ಮೇಲೆ ಒದ್ದೆ ಕಾಲುಚೀಲ ಒಣಹಾಕಿದವಳಿಗೆ, ಉರಿಯುವಾಗ ಗಾಜಿನ ಬಾಗಿಲು ತೆಗೆದವಳಿಗೆ ಅವನು ಗಂಡನೆದುರೇ ಮಂಗಳಾರತಿ ಮಾಡುತ್ತಿದ್ದ. ಅದಕ್ಕೇ ಅವನು ಬರುವ ದಿನ ಹೆಂಗಸರು ಪಾದ್ರಿ ಮನೆ ಹರಸಲು ಬರುವ ದಿನದಂತೆ ಎಲ್ಲ ಒಪ್ಪ ಮಾಡಿಡುತ್ತಿದ್ದರು. ಬೂದಿ ತೆಗೆದು, ಗಾಜು ಒರೆಸಿ, ಒಣಹಾಕಿದ್ದನ್ನೆಲ್ಲ ಬಚ್ಚಿಟ್ಟು, ಕಾಫಿ ಕಾಯಿಸಿಟ್ಟು ಕಾಯುತ್ತಿದ್ದರು. ಎರ್ಮೆಸ್ ಹೋದ ಮೇಲೆ ಎಲ್ಲ ಮೊದಲಿನಂತೆಯೇ ಆಗುತ್ತಿತ್ತು.

ಆಲ್ಚೆಯೊನ ಸೊಂಟ ಬಿದ್ದುಹೋಗಿ ಸೌದೆ ಸೀಳುವುದು ಆಗದೆಂದಾದಾಗ ಅವರ ಮನೆಗೂ ಪೆಲೆಟ್ ಒಲೆ ಬಂತು. ಪೆಲೆಟ್ ಎಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆಗಳು. ನೋಡಲು ಕೋಳಿಯ ಆಹಾರದಂತಿರುತ್ತವೆ. ಒಲೆಯ ತಲೆಯಲ್ಲಿ ಚೀಲ ಸುರಿದು ಗುಂಡಿ ಒತ್ತಿದರೆ ಅದೇ ಸ್ವಲ್ಪ ಸ್ವಲ್ಪವಾಗಿ ಉದುರಿಸಿಕೊಂಡು, ಅದೇ ಹೊತ್ತಿಸಿಕೊಂಡು, ಒಳಗಿನ ಫ್ಯಾನಿನಿಂದ ಹೊಗೆಯನ್ನು ಕೊಳವೆಗೆ ತಳ್ಳಿಕೊಂಡು ಉರಿಯುತ್ತದೆ. ಅದೇ ಬೇಸಿಗೆಯಲ್ಲಿ ಹಳೆಯ ಕಿಟಕಿಗಳನ್ನು ಕಿತ್ತು ಎರಡು ಗಾಜಿನ ಹೊಸ ಕಿಟಕಿಗಳನ್ನೂ ಹಾಕಿಸಿದ್ದರು. ಎಲ್ದಾ ಮೇಣದ ಬತ್ತಿ ಹಚ್ಚಿ ಪ್ರತಿ ಚೌಕಟ್ಟಿನ ಸುತ್ತ ಹಿಡಿದು ನೋಡಿದಳು. ಜ್ವಾಲೆ ಅಲುಗಲಿಲ್ಲ. ಅವಳು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಸುಳಿಯುತ್ತಿದ್ದ ಗಾಳಿ ಕೊನೆಗೂ ಹೊರಗೆ ಉಳಿಯಿತು. ಅವಳ ಹೊಟ್ಟೆ ತಣ್ಣಗಾಯಿತು.

ಎರ್ಮೆಸ್ ಒಲೆ ಕೂರಿಸಿದ ಮೇಲೆ ದೊಡ್ಡ ಯಂತ್ರವೊಂದನ್ನು ಹಿಡಿದು ಒಲೆಯ ಹಿಂದೆ, ನೆಲದ ಹತ್ತಿರ, ಗೋಡೆ ಕೊರೆಯತೊಡಗಿದ. ಎಲ್ದಾ ಹಿತ್ತಲಿನಿಂದ ಓಡಿ ಬಂದಳು.

"ಏನ್ ಮಾಡ್ತಿದೀಯೋ?"

"ತೂತು."

"ತೂತು ಅಂದ್ರೆ? ಆಚೆಗೆ?"

"ಆಚೆಗಲ್ದೆ ನಿನ್ ಬೀರೂಗಾ? ಬೆಂಕಿನೂ ಉಸಿರಾಡುತ್ತೆ ಎಲ್ದಾ. ಹಳೇ ಕಿಟಕಿ ಇದ್ದಾಗ ಸಂದೀಲೆಲ್ಲ ಗಾಳಿ ಬರ್ತಿತ್ತು, ನಡೀತಿತ್ತು. ಈಗ ಮನೆ ಡಬ್ಬಿ ಆಗಿದೆ. ಇದೊಂದೇ ಮೂಗು. ಇದನ್ನ ಮುಚ್ಚಿದ್ರೆ ಬೆಂಕಿ ನಿಮ್ ಗಾಳಿ ತಿನ್ನುತ್ತೆ, ಅದರ ಹೊಗೆ ನೀವು ತಿಂತೀರಿ."

"ಜನವರೀಲಿ ನನ್ ಅಡುಗೆಮನೇಲಿ ತೂತು ಇಟ್ಕೊಂಡು ಕೂತ್ಕೊಬೇಕಾ? ಆಲ್ಚೆಯೊನ ಕಾಲಿಗೆ ನೇರವಾಗಿ ಬರುತ್ತಲ್ಲೋ ಅದು."

"ಕಾಲು ಎತ್ಕೊಂಡು ಕೂತ್ಕೊಳ್ಳೋಕೆ ಹೇಳು. ಇನ್ನೊಂದ್ ಮಾತು. ಹೊಗೆ ಬಂದ್ರೆ ಕೂಗೋ ಡಬ್ಬಿ ಸಿಗುತ್ತೆ, ತಂದು ಗೋಡೆಗೆ ಹಾಕ್ಕೊಳ್ಳಿ. ಈ ಹೊಗೆಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಗೊತ್ತೇ ಆಗಲ್ಲ."

ಬೆಂಚಿನ ಮೇಲೆ ಕೂತಿದ್ದ ಆಲ್ಚೆಯೊ, "ಈ ಮನೇಲಿ ಕೂಗೋಕೆ ಒಬ್ಬಳು ಇದಾಳೆ, ಸಾಕು ಬಿಡೋ," ಎಂದ. ಮೂವರೂ ನಕ್ಕರು. ಆ ಡಬ್ಬಿ ಕೊನೆಗೂ ಬರಲಿಲ್ಲ.

ಶರತ್ಕಾಲ ಕಳೆದು ಮೊದಲ ಹಿಮ ಬೀಳುವವರೆಗೆ ಎಲ್ದಾ ತಡೆದುಕೊಂಡಳು. ಆಲ್ಚೆಯೊನ ಪಾದಕ್ಕೆ ತಣ್ಣನೆ ಸುಳಿ ತಾಗುವುದನ್ನು ಕಣ್ಣಾರೆ ಕಂಡಂತೆ ಅವಳಿಗೆ ಅನಿಸುತ್ತಿತ್ತು. ಒಂದು ಮಧ್ಯಾಹ್ನ ಕೂತು, ತೂತಿನ ಅಳತೆ ತೆಗೆದು, ಚಪ್ಪಲಿಯ ಅಟ್ಟೆ ಹೊಲಿಯುವಂತೆಯೇ ಚಿಂದಿಯ ಪದರಗಳನ್ನು ಒತ್ತಿ ಒಂದು ದುಂಡನೆಯ ಬಿರಡೆ ಹೊಲಿದಳು. ಮೇಲೆ ಕಪ್ಪು ಮಕಮಲ್ಲು, ಎಳೆಯಲು ಒಂದು ಕುಣಿಕೆ. ತೂತಿಗೆ ಒತ್ತಿದಾಗ ಕೂದಲೆಳೆಯಷ್ಟೂ ಸಂದಿ ಉಳಿಯಲಿಲ್ಲ. ಇಡೀ ಬದುಕಿನಲ್ಲಿ ಅವಳು ಹೊಲಿದದ್ದರಲ್ಲೆಲ್ಲ ಅದೇ ಅಚ್ಚುಕಟ್ಟಾದ ಕೆಲಸ. ಇಂಥ ಕೈಯನ್ನು ಇಂಥ ಕೆಲಸಕ್ಕೆ ಹಚ್ಚಿದವರ ಮೇಲೆ ಸಿಟ್ಟು ಬರುತ್ತದೆ. ಆದರೆ ಯಾರ ಮೇಲೆ ಎಂದು ಸಿಟ್ಟಾಗುವುದು?

ಅಂದಿನಿಂದ ಒಲೆ ಮುನಿಸಿಕೊಂಡಿತು. ಹಳದಿ ಜ್ವಾಲೆ ಸೋಮಾರಿಯಾಗಿ ಹೊರಳಾಡುತ್ತಿತ್ತು. ಬೆಳಿಗ್ಗೆ ಒರೆಸಿದ ಗಾಜು ಸಂಜೆಗೆ ಕಪ್ಪಾಗುತ್ತಿತ್ತು. ಒಲೆಯೊಳಗೆ ಬೆಂಕಿ ಉರಿಯುವ ಬಟ್ಟಲಿನಲ್ಲಿ ಅರೆಬೆಂದ ಪೆಲೆಟ್ ಗಂಟು ಕಟ್ಟಿ ಕೂರುತ್ತಿತ್ತು. ಎಲ್ದಾ ಎರ್ಮೆಸ್‌ಗೆ ಫೋನ್ ಮಾಡಿದಳು. ಅವನ ಗಾಡಿ ಬೀದಿಯ ತಿರುವಿನಲ್ಲಿ ಏದುಸಿರು ಬಿಡುವುದು ಕೇಳಿದ ಕೂಡಲೇ ಗಾಜು ಒರೆಸಿದಳು, ಬೂದಿ ತೆಗೆದಳು, ಬಿರಡೆಯನ್ನೂ ಎಳೆದು ಚಿಂದಿಯ ಚೀಲಕ್ಕೆ ಹಾಕಿದಳು. ಅವಳಿಗೆ ಅದರಲ್ಲಿ ಕಪಟವೇನೂ ಕಾಣಲಿಲ್ಲ. ಮನೆಗೆ ಬರುವವರೆದುರು ಮನೆಯನ್ನು ಹೇಗೆ ಇಡಬೇಕೋ ಹಾಗೆ ಇಟ್ಟಿದ್ದಳು, ಅಷ್ಟೆ.

ಎರ್ಮೆಸ್ ಬಂದು ಒಲೆ ಹಚ್ಚಿ ನೋಡಿದ. ಜ್ವಾಲೆ ಬಿಳುಪಾಗಿ, ಚುರುಕಾಗಿ ಎದ್ದಿತು. ಕೊಳವೆಗೆ ಕುಂಚ ಹಾಕಿದ, ಬಾಗಿಲ ಅಂಚಿನ ಪಟ್ಟಿ ತಡವಿದ, ಬಗ್ಗಿ ತೂತಿಗೆ ಕೈ ಒಡ್ಡಿ ಗಾಳಿ ಬರುತ್ತದೆಯೆಂದು ನೋಡಿದ. ತಲೆ ಕೆರೆದುಕೊಂಡ. ಆ ಚಳಿಗಾಲದಲ್ಲಿ ಅವನು ಮೂರು ಸಲ ಬಂದ, ಮೂರು ಸಲವೂ ತಲೆ ಕೆರೆದುಕೊಂಡು ಹೋದ. ಕೊನೆಯ ಸಲ, "ಒಲೆ ಚೆನ್ನಾಗೇ ಇದೆ. ನೀನು ತರೋ ಪೆಲೆಟ್ಟೇ ಸರಿ ಇಲ್ಲ, ಬರೀ ಹುಡಿ. ಒಳ್ಳೇದು ತಗೋ," ಎಂದು ಬೈದು ಹೋದ.

ಆಲ್ಚೆಯೊಗೆ ತಲೆನೋವು ಶುರುವಾಯಿತು. ಊಟವಾಗಿ ಬೆಂಚಿನ ಮೇಲೆ ಒರಗಿದರೆ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಎದ್ದು ಬಾರಿನವರೆಗೆ ನಡೆದು ಹೋದರೆ ಎಲ್ಲ ವಾಸಿ.

"ಆಚೆ ಹೋದ್ರೆ ನೋವೇ ಇರಲ್ಲ ಕಣೇ," ಎಂದ ಒಮ್ಮೆ.

"ನಿನ್ ತಲೆನೋವಿಗೆ ಬಾರೇ ಔಷಧಿ ಅಂತ ನಂಗೆ ಮದುವೆ ಆದ ವಾರದಲ್ಲೇ ಗೊತ್ತಾಗಿತ್ತು," ಎಂದಳು ಎಲ್ದಾ. ಹಾಗೆ ಹಂಗಿಸಿದರೂ ಒಳಗೊಳಗೇ ಅವಳಿಗೆ ಗಾಬರಿ. ಎಲ್ಲೋ ಗಾಳಿ ಹೊಡೆಯುತ್ತಿದೆ ಎಂದುಕೊಂಡು ಕಿಟಕಿಯ ಚೌಕಟ್ಟುಗಳಿಗೆ ಅಂಟುಪಟ್ಟಿ ಹಚ್ಚಿದಳು, ಬಾಗಿಲ ಹಾವಿಗೆ ಇನ್ನಷ್ಟು ಮರಳು ತುಂಬಿದಳು, ಬಿರಡೆಯನ್ನು ಅಂಗೈಯಿಂದ ಇನ್ನಷ್ಟು ಒಳಗೆ ಒತ್ತಿದಳು.

ಕ್ರಿಸ್‌ಮಸ್ ಹಬ್ಬದ ಹೊತ್ತಿಗೆ ಲುಚಿನಾಗೆ ಮಗುವಾಯಿತು. ಗಂಡು, ತೊಬಿಯಾ ಎಂದು ಹೆಸರಿಟ್ಟರು. ಅವಳ ಗಂಡನಿಗೆ ಗಡಿಯಾಚೆ ಆಸ್ಟ್ರಿಯಾದಲ್ಲಿ ಕಟ್ಟಡದ ಕೆಲಸ, ಶನಿವಾರ ಬಂದು ಭಾನುವಾರ ಹೋಗುವವನು. ಅವರ ಮನೆಯಲ್ಲೂ ಎರ್ಮೆಸ್ ಮಗನಿಗೆಂದು ತಾನೇ ಕೂರಿಸಿದ ಪೆಲೆಟ್ ಒಲೆ, ಅದರ ಹಿಂದೆ ಗೋಡೆಯಲ್ಲಿ ತೂತು. ಎಲ್ದಾ ಮೊಮ್ಮಗನಿಗೆ ಪುಟ್ಟ ಮಕಮಲ್ಲಿನ ಚಪ್ಪಲಿ ಹೊಲಿದು ಕೊಟ್ಟಳು. ಅದರ ಜತೆ ಒಂದು ಬಿರಡೆ, ಇದರ ಮೇಲೆ ಹಿಮಹೂವಿನ ಕಸೂತಿ.

"ಮಾವ ಬಂದಾಗ ತೆಗೆದಿಡು. ಇಲ್ದಿದ್ರೆ ನಿನ್ನನ್ನೂ ಬಿಡಲ್ಲ ಅವನು," ಎಂದಳು.

"ನಂಗ್ ಗೊತ್ತಿಲ್ವಾ ದೊಡ್ಡಮ್ಮ," ಎಂದು ಲುಚಿನಾ ನಕ್ಕಳು.

ಜನವರಿಯ ಒಂದು ಭಾನುವಾರ ಎಲ್ದಾ ಮಧ್ಯಾಹ್ನದ ಊಟಕ್ಕೆ ಆಲೂಗಡ್ಡೆ, ಚೀಸ್ ಸೇರಿಸಿ ದೋಸೆಯಂತೆ ಹುರಿದಳು. ಹೊಸ ಕಿಟಕಿಯ ಮನೆಯಲ್ಲಿ ಚೀಸಿನ ಜಿಡ್ಡು ವಾಸನೆ ಹೋಗುವುದೇ ಇಲ್ಲ. ಅದಕ್ಕೆ ಅಡುಗೆ ಒಲೆಯ ಮೇಲಿನ ಹೊಗೆ ಹೀರುವ ಫ್ಯಾನನ್ನು ಹಾಕಿಯೇ ಬಿಟ್ಟು, ಹೊಲಿದ ಚಪ್ಪಲಿಯೊಂದನ್ನು ಕೊಡಲು ಕೆಳಗಿನ ಬೀದಿಗೆ ಹೋದಳು. ಆಲ್ಚೆಯೊ ಬೆಂಚಿನ ಮೇಲೆ ಒರಗಿದ್ದ. ಮುಚ್ಚಿದ ಡಬ್ಬಿಯಲ್ಲಿ ಎರಡು ಫ್ಯಾನು: ಒಂದು ಹೊಗೆಯನ್ನು ಕೊಳವೆಯ ಕಡೆ ತಳ್ಳುವುದು, ಇನ್ನೊಂದು ಸಿಕ್ಕಿದ್ದನ್ನೆಲ್ಲ ತನ್ನ ಕಡೆ ಹೀರುವುದು. ಹೊರಗಿನಿಂದ ಬರಲು ಗಾಳಿಯೇ ಇಲ್ಲದಾಗ ಬಲವಾದದ್ದು ಗೆಲ್ಲುತ್ತದೆ. ಒಲೆಯ ಹೊಗೆ ಕೊಳವೆ ಬಿಟ್ಟು ಅಡುಗೆಮನೆಗೆ ಬಂತು.

ಅವಳು ಹಿಂದಿರುಗಿದಾಗ ಆಲ್ಚೆಯೊ ಅದೇ ಭಂಗಿಯಲ್ಲಿದ್ದ. ಕೆನ್ನೆಗಳು ಗುಲಾಬಿ ಬಣ್ಣವಾಗಿದ್ದವು. ಎಷ್ಟೋ ವರ್ಷಗಳಿಂದ ಅವನ ಮುಖದಲ್ಲಿ ಅಂಥ ಕಳೆ ಕಂಡಿರಲಿಲ್ಲ, ಒಂದು ಕ್ಷಣ ಅವಳಿಗೆ ಸಂತೋಷವೇ ಆಯಿತು. ಕೈ ಹಿಡಿದು ಎಬ್ಬಿಸಿದಳು. ಕೈ ಎತ್ತಿದಷ್ಟೇ ಎದ್ದು, ಬಿಟ್ಟ ಕೂಡಲೇ ಕೆಳಗೆ ಬಿತ್ತು.

ಬಾಗಿಲು ಹಾರುಹೊಡೆದು ಅಕ್ಕಪಕ್ಕದವರನ್ನು ಕರೆದಳು. ಯಾರೋ ಫೋನ್ ಮಾಡಿದರು, ಉಳಿದವರು ದಾರಿ ತೋರಿಸಲು ಬೀದಿಗೆ ಇಳಿದರು. ಕೆಳಗಿನ ತಿರುವಿನಲ್ಲಿ ಆಂಬ್ಯುಲೆನ್ಸಿನ ಸದ್ದು ಕೇಳಿತು. ಯಾರೋ ಮನೆಗೆ ಬರುತ್ತಿದ್ದಾರೆ ಎಂಬುದಷ್ಟೇ ಅವಳ ತಲೆಗೆ ಹೋದದ್ದು. ಗಂಡನ ಹೆಣದ ಮುಂದೆಯೇ ಅವಳ ಕೈ ತಾನಾಗಿ ಒಲೆಯ ಹಿಂದೆ ಹೋಗಿ, ಬಿರಡೆ ಎಳೆದು, ಚಿಂದಿಯ ಚೀಲಕ್ಕೆ ಹಾಕಿತು.

ಹಾಗಾಗಿ ತನಿಖೆಗೆ ಬಂದವರಿಗೆ ತೂತು ತೆರೆದೇ ಸಿಕ್ಕಿತು. ಗಾಳಿಗೆ ದಾರಿ ಇದ್ದೂ ಹೊಗೆ ಒಳಗೆ ಬಂದಿದೆ ಎಂದರೆ ಒಲೆ ಕೂರಿಸಿದ್ದರಲ್ಲೋ ಗುಡಿಸಿದ್ದರಲ್ಲೋ ತಪ್ಪಿರಬೇಕು. ತನಿಖೆ ಮುಗಿಯುವವರೆಗೆ ಯಾರ ಒಲೆಯನ್ನೂ ಮುಟ್ಟಬೇಡ ಎಂದು ಎರ್ಮೆಸ್‌ಗೆ ಹೇಳಿದರು. ಹೇಳುವುದೇ ಬೇಕಿರಲಿಲ್ಲ. ಅವನು ಗೆಳೆಯನ ಶವಪೆಟ್ಟಿಗೆಗೆ ಹೆಗಲು ಕೊಡಲು ಬಂದವನು ಕೊಡಲಾರದೆ ಹಿಂದೆ ಸರಿದ. ಎಲ್ದಾಳ ಎದುರು ನಿಂತು, "ಮೂರ್ ಸಲ ನೋಡ್ದೆ ಎಲ್ದಾ. ಏನೋ ಕಣ್ತಪ್ಪಿದೆ. ಏನು ಅಂತ ಗೊತ್ತಾಗ್ತಿಲ್ಲ. ಪೆಲೆಟ್ ಸರಿ ಇಲ್ಲ ಅಂದ್ಬಿಟ್ಟೆ," ಎಂದ. ಬೇರೆ ಹೆಂಗಸಾಗಿದ್ದರೆ ಅಲ್ಲೇ ಬಾಯಿ ಬಿಡುತ್ತಿದ್ದಳೇನೋ. ಎಲ್ದಾ ಶಾಲನ್ನು ಮುಖಕ್ಕೆ ಎಳೆದುಕೊಂಡು ಪೆಟ್ಟಿಗೆಯ ಹಿಂದೆ ನಡೆದಳು. ಜನ ಅದನ್ನು ದುಃಖ ಎಂದುಕೊಂಡರು, ಕೆಲವರು ಅವನ ಮೇಲಿನ ಸಿಟ್ಟು ಎಂದುಕೊಂಡರು.

ಊರು ಎಂಥದ್ದು ಎಂದರೆ, ಅವನಿಂದ ಬೈಸಿಕೊಂಡವರಿಗೆಲ್ಲ ಈಗ ಬಾಯಿ ಬಂತು. 'ಊರಿಗೆಲ್ಲ ಬುದ್ಧಿ ಹೇಳ್ತಿದ್ದ, ಸ್ನೇಹಿತನ್ನೇ ಕೊಂದ' ಎಂದು ಬಾರಿನಲ್ಲಿ ಮಾತು. ಎರ್ಮೆಸ್ ಮನೆ ಬಿಟ್ಟು ಹೊರಗೆ ಬರುವುದನ್ನು ನಿಲ್ಲಿಸಿದ. ಮಗನ ಮನೆಗೂ ಹೋಗಲಿಲ್ಲ. ಮೊದಲು ಎರಡು ದಿನಕ್ಕೊಮ್ಮೆ ಮೊಮ್ಮಗನನ್ನು ನೋಡುವ ನೆಪದಲ್ಲಿ ಒಲೆಯನ್ನೂ ನೋಡಿ ಹೋಗುತ್ತಿದ್ದವನು, ಈಗ ಅತ್ತ ಕಾಲಿಡಲಿಲ್ಲ. ಅವನು ಬಾರದ ಮೇಲೆ ಲುಚಿನಾಗೆ ಬಿರಡೆ ತೆಗೆಯುವ ಪ್ರಮೇಯವೇ ಉಳಿಯಲಿಲ್ಲ.

ಇದು ಎಲ್ದಾಗೆ ಹೊಳೆದದ್ದು ಗಂಡನ ಅಂಗಿಗಳನ್ನು ಮಡಿಸಿಡುತ್ತಿದ್ದಾಗ. ಕೈಯಲ್ಲಿದ್ದ ಅಂಗಿಯನ್ನು ಅಲ್ಲೇ ಬಿಟ್ಟಳು. ಹಾಗೇ ಎದ್ದು ಲುಚಿನಾಳ ಮನೆಗೆ ಹೋದಳು. ಅವಳು ಮಗುವಿಗೆ ಬಟ್ಟೆ ಬದಲಿಸಲು ಒಳಗೆ ಹೋದ ಹೊತ್ತು ನೋಡಿ ಬಿರಡೆ ಎಳೆದು ಕೋಟಿನೊಳಗೆ ಹಾಕಿಕೊಂಡಳು. ಹೇಳುವ ಕಷ್ಟವಿಲ್ಲದೆ ಕೆಲಸ ಆಯಿತು ಎಂದು ಅವಳಿಗೆ ಸಮಾಧಾನ. ಮರುದಿನ ಬೆಳಿಗ್ಗೆ ಲುಚಿನಾಳ ಫೋನ್ ಬಂತು.

"ದೊಡ್ಡಮ್ಮ, ತೊಳೆಯೋಕೆ ಅಂತ ನೀನೇ ತಗೊಂಡ್ಹೋದ್ಯಾ ಅದನ್ನ? ಈ ದುಃಖದಲ್ಲೂ ನನ್ ಮನೆ ಕೆಲಸ ಮಾಡ್ತೀಯಲ್ಲ ನೀನು. ಇರಲಿ, ಅವಸರ ಇಲ್ಲ. ಅಲ್ಲೀವರೆಗೆ ದಪ್ಪ ಟವೆಲ್ ತುರುಕಿದೀನಿ."

"ತೆಗೆದ್ಬಿಡೇ ಅದನ್ನ. ಬೇಡ," ಎಂದಳು ಎಲ್ದಾ.

"ತೆಗೆಯೋದಾ? ಮಗು ತೊಟ್ಟಿಲು ಅಲ್ಲೇ ಇದೆ. ಗಾಳಿ ಹೊಡೆದ್ರೆ?"

"ಒಲೆಗೆ ಗಾಳಿ ಬೇಕಂತೆ."

"ಅಂತ ಯಾರು, ನಮ್ಮಾವ ಹೇಳಿದ್ದಾ?" ಲುಚಿನಾ ದನಿ ತಗ್ಗಿಸಿದಳು. "ಅವರ ಮಾತು ಕೇಳಿ ದೊಡ್ಡಪ್ಪನಿಗೆ ಏನಾಯ್ತು ಅಂತ ನೋಡಿದ್ದೀವಲ್ಲ. ನಿಮ್ಮನೇಲಿ ತೂತು ತೆರೆದೇ ಇತ್ತಲ್ವಾ?"

ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಎಲ್ದಾ ಮಾತು ಮುಗಿಸಿದಳು. ಫೋನ್ ಇಟ್ಟ ಮೇಲೂ ಅದನ್ನೇ ನೋಡುತ್ತ ನಿಂತಳು. ಗಾಳಿಯ ಭಯವನ್ನು ಆ ಹುಡುಗಿಯ ಎದೆಯಲ್ಲಿ ನೆಟ್ಟವಳು ತಾನೇ. ಈಗ ಕಿತ್ತರೆ ಬರುವಂಥದ್ದಲ್ಲ. ನಿಜ ಹೇಳಿದರೆ ಮಾತ್ರ ಬರುತ್ತದೆ. ನಿಜ ಹೇಳಿದರೆ ಸಾಕಿದ ಮಗಳೆದುರು ತಾನು ಗಂಡನನ್ನು ಕೊಂದವಳಾಗುತ್ತೇನೆ, ಎರ್ಮೆಸ್‌ನನ್ನು ಊರ ಬಾಯಿಗೆ ಹಾಕಿದವಳಾಗುತ್ತೇನೆ. ನಾಳೆ ಹೇಳುತ್ತೇನೆ ಎಂದುಕೊಂಡಳು. ನಾಳೆಯೂ ಹಾಗೇ ಎಂದುಕೊಂಡಳು. ಊರ ಮುಂದೆ ತಲೆ ತಗ್ಗಿಸುವುದು ಒಂದು ಕಡೆ, ಕೂಸಿನ ಜೀವ ಇನ್ನೊಂದು ಕಡೆ. ಇದರಲ್ಲಿ ಯೋಚಿಸಲು ಏನಿದೆ ಎಂದು ಕೇಳುವುದು ಸುಲಭ. ಅವಳು ಯೋಚಿಸಿದಳು. ಚಳಿ ಸ್ವಲ್ಪ ಇಳಿದಿತ್ತು, ಒಲೆ ಅಷ್ಟು ಹೊತ್ತು ಉರಿಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಫೆಬ್ರವರಿಯಲ್ಲಿ ಮತ್ತೆ ಹಿಮ ಬಿತ್ತು, ಎರಡು ದಿನ ಬಿಡದೆ. ನಿಂತ ಮಧ್ಯಾಹ್ನ ಎಲ್ದಾ ಸಾರಿನ ಪಾತ್ರೆ ಹಿಡಿದು ಲುಚಿನಾಳ ಮನೆಗೆ ಹೋದಳು. ಬಾಗಿಲು ತೆರೆಯಲು ಬಂದ ಲುಚಿನಾ ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಒಳಗೆ ಸೆಕೆ ಎನ್ನುವಷ್ಟು ಬೆಚ್ಚಗಿತ್ತು. ಅಡುಗೆ ಒಲೆಯ ಮೇಲೆ ಫ್ಯಾನು ಗುಂಯ್‌ಗುಡುತ್ತಿತ್ತು. ಪೆಲೆಟ್ ಒಲೆಯ ಗಾಜು ಕಪ್ಪಗಿತ್ತು, ಅದರ ಹಿಂದೆ ಹಳದಿ ಜ್ವಾಲೆ.

"ತಲೆ ಒಡೆದ್ಹೋಗ್ತಿದೆ ದೊಡ್ಡಮ್ಮ. ನಿದ್ದೆ ಸಾಲ್ದೇ ಅನ್ಸುತ್ತೆ. ಪುಣ್ಯಕ್ಕೆ ಇವನೊಬ್ಬ ಈಗ ತುಂಬಾ ಒಳ್ಳೆಯವನಾಗಿದಾನೆ. ಅಳೋದೇ ಇಲ್ಲ. ಬೆಳಿಗ್ಗೆಯಿಂದ ಮಲಗೇ ಇದಾನೆ, ಹಾಲಿಗೂ ಏಳಲಿಲ್ಲ," ಎಂದಳು.

ಎಲ್ದಾ ತೊಟ್ಟಿಲ ಹತ್ತಿರ ಹೋಗಿ ಬಗ್ಗಿದಳು. ತೊಬಿಯಾನ ಕೆನ್ನೆಗಳು ಗುಲಾಬಿ ಬಣ್ಣವಾಗಿದ್ದವು.

ಪಾತ್ರೆ ಕೈಯಿಂದ ಬಿತ್ತು. ಮಗುವನ್ನು ಹೊದಿಕೆಯಿಲ್ಲದೆ, ಟೋಪಿಯಿಲ್ಲದೆ, ಇದ್ದ ಹಾಗೆ ಬಾಚಿ ಎತ್ತಿಕೊಂಡು ಬಾಗಿಲು ದೂಡಿ ಹಿಮದೊಳಕ್ಕೆ ನಡೆದಳು. ಬೆಟ್ಟದಿಂದ ಬೀಸುವ ಗಾಳಿ ನೇರ ಕೂಸಿನ ಮುಖಕ್ಕೆ. ಲುಚಿನಾ ತಡವರಿಸಿಕೊಂಡು ಹಿಂದೆ ಓಡಿ ಬಂದಳು, ಕಾಲಲ್ಲಿ ಮೆಟ್ಟೂ ಇಲ್ಲ.

"ತಲೆ ಕೆಟ್ಟಿದ್ಯಾ ನಿಂಗೆ? ಕೊಡು ಇಲ್ಲಿ. ಗಾಳಿ ಹೊಡೆದು ಸತ್ತೇ ಹೋಗ್ತಾನೆ."

"ಒಳಗಿದ್ರೆ ಸಾಯ್ತಾನೆ. ನಿನ್ ದೊಡ್ಡಪ್ಪ ಹಾಗೇ ಸತ್ತಿದ್ದು. ಎರ್ಮೆಸ್ ಅಲ್ಲ, ನಾನು. ತೂತು ಮುಚ್ಚಿದ್ದೆ. ನೀವೆಲ್ಲ ಬರೋಕ್ ಮುಂಚೆ ತೆಗೆದ್ಬಿಟ್ಟೆ. ನಿಂಗೂ ನಾನೇ ಹೊಲಿದುಕೊಟ್ಟೆ. ನಾನೇ ಕಣೇ."

ಲುಚಿನಾ ಹಿಮದ ಮೇಲೆ ಮೊಣಕಾಲೂರಿ ವಾಂತಿ ಮಾಡಿಕೊಂಡಳು. ಎರ್ಮೆಸ್‌ನ ಮನೆ ಬೀದಿಯಾಚೆಗೇ ಇತ್ತು. ಗದ್ದಲ ಕೇಳಿ, ಎಷ್ಟೋ ದಿನಗಳಿಂದ ತೆರೆಯದ ಬಾಗಿಲು ತೆರೆದು ಅವನು ಮೆಟ್ಟಿಲ ಮೇಲೆ ಬಂದು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಇಳಿದು ಬಂದು ಮಗುವಿನ ಮೂಗಿನ ಬಳಿ ಕೆನ್ನೆ ಹಿಡಿದ. ಅಂಗಾಲಿಗೆ ಬೆರಳಿನಿಂದ ಬಾರಿಸಿದ, ಮತ್ತೆ ಬಾರಿಸಿದ. ತೊಬಿಯಾ ಮುಖ ಕಿವುಚಿ, ತಡವಾಗಿ, ಕೀರಲು ದನಿಯಲ್ಲಿ ಅತ್ತ.

ಎರ್ಮೆಸ್ ತನ್ನ ಕೋಟನ್ನು ತಾಯಿ ಮಗುವಿಗೆ ಹೊದಿಸಿ, ಅವರನ್ನು ತನ್ನ ಜಗಲಿಯ ಮೇಲೆ ಗಾಳಿಗೇ ಕೂರಿಸಿ, ಆಂಬ್ಯುಲೆನ್ಸಿಗೆ ಫೋನ್ ಮಾಡಿದ. ಉಸಿರು ಬಿಗಿಹಿಡಿದು ಮಗನ ಮನೆಗೆ ನುಗ್ಗಿ ಕಿಟಕಿ ತೆರೆದು ಹೊರಗೆ ಬಂದ. ಮತ್ತೆ ನುಗ್ಗಿ ಅಡುಗೆ ಒಲೆಯ ಫ್ಯಾನು ಆರಿಸಿದ, ಟವೆಲ್ ಕಿತ್ತೆಸೆದ, ಒಲೆಯನ್ನು ಗುಂಡಿಯಿಂದ ಆರಿಸಿದ. ಕರೆಂಟಿನ ತಂತಿ ಎಳೆಯಲಿಲ್ಲ. ಎಳೆದರೆ ಉಳಿದ ಹೊಗೆಯನ್ನು ಹೊರಹಾಕುವ ಫ್ಯಾನೂ ನಿಲ್ಲುತ್ತದೆ. ಕೈ ತನ್ನ ಕೆಲಸ ಮರೆತಿರಲಿಲ್ಲ.

ಆಂಬ್ಯುಲೆನ್ಸು ಬಂದು ತಾಯಿ ಮಗುವನ್ನು ಕಣಿವೆಯ ಕೆಳಗಿನ ಪಟ್ಟಣ ತೊಲ್ಮೆತ್ಸೊದ ಆಸ್ಪತ್ರೆಗೆ ಕರೆದೊಯ್ಯಿತು. ಇಬ್ಬರೂ ಉಳಿಯುತ್ತಾರೆ ಎಂದರು. ಎಲ್ದಾ ಗಾಡಿ ಹತ್ತಲು ಹೋದಾಗ ಲುಚಿನಾ ಮುಖಕ್ಕೆ ಹಿಡಿದಿದ್ದ ಆಮ್ಲಜನಕದ ಬಟ್ಟಲನ್ನು ಸರಿಸಿ, "ನೀನು ಬರ್ಬೇಡ," ಎಂದಳು. ದೊಡ್ಡಮ್ಮ ಎನ್ನಲಿಲ್ಲ.

ಬೀದಿಯಲ್ಲಿ ಇಬ್ಬರು ಮುದುಕರು ಉಳಿದರು. ಎರ್ಮೆಸ್ ತೆಳ್ಳನೆಯ ಅಂಗಿಯಲ್ಲಿ ನಡುಗುತ್ತಿದ್ದ. ಎಲ್ದಾ ಬೈಗುಳಕ್ಕೆ ಕಾದು ನಿಂತಳು.

"ಮೂರ್ ಸಲ ಕರೆಸಿದ್ದೆ ನನ್ನ. ಮೂರ್ ಸಲನೂ ತೆಗೆದಿಟ್ಟಿದ್ಯಾ?" ಎಂದು ಕೇಳಿದ.

"ಹೂಂ."

"ಯಾಕೆ?"

"ನೀನು ಬೈತೀಯ ಅಂತ."

ಅವನು ಕಾಲಿನಿಂದ ಹಿಮ ಕೆದಕಿದ. ತಲೆ ಎತ್ತದೆ, "ಆಲ್ಚೆಯೊಗೆ ಗೊತ್ತಿತ್ತಾ?" ಎಂದ.

"ಗೊತ್ತಿತ್ತು. ಕೊನೇ ಸಲ ನಾನು ಹಿತ್ತಲಲ್ಲಿದ್ದೆ. ನಿನ್ ಗಾಡಿ ಸದ್ದು ಕೇಳಿ ಅವನೇ ಎದ್ದು ತೆಗೆದ, ಆ ಸೊಂಟ ಇಟ್ಕೊಂಡು. ಎರ್ಮೆಸ್ ಅಷ್ಟು ಹೇಳಿ ಹೋಗಿರ್ತಾನೆ, ಮುಚ್ಚಿದ್ದು ನೋಡಿದ್ರೆ ಬೇಜಾರ್ ಮಾಡ್ಕೋತಾನೆ, ಬೇಡ ಅಂದ."

ಎರ್ಮೆಸ್ ಹಿಮದ ಕಡೆ ತಿರುಗಿ ನಿಂತ. ಅವನ ಹೆಗಲು ಅಲುಗುವುದನ್ನು ಎಲ್ದಾ ನೋಡಿದಳು. ಆಮೇಲೆ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, "ನಡಿ. ಠಾಣೆಗೆ ಹೋಗಿ ಹೇಳೋಣ," ಎಂದ. ಜಾರುತ್ತದೆಂದು ಅವಳ ತೋಳು ಹಿಡಿದುಕೊಂಡ. ಈಗ ಬೈಯಲಿ, ಆ ತಿರುವಿನಲ್ಲಾದರೂ ಬೈಯಲಿ ಎಂದು ಅವಳು ಬೇಡಿಕೊಳ್ಳುತ್ತ ನಡೆದಳು. ಠಾಣೆಯ ಮೆಟ್ಟಿಲವರೆಗೂ ಅವನು ಒಂದು ಮಾತೂ ಬೈಯಲಿಲ್ಲ.